ಆಕಾಶದ ಟಪಾಲು ಮತ್ತು ಅದರ ಕಟ್ಟಳೆ

ನಮ್ಮ ಕರಾವಳಿಯಿಂದ ಪಡುವಣಕ್ಕೆ, ಅರಬಿ ಸಮುದ್ರದ ನಡುವೆ, ಲಕ್ಷದ್ವೀಪ ಸಮೂಹವಿದೆ. ಭೂಪಟದಲ್ಲಿ ನೋಡಿದರೆ ಅದು ನಮಗೆ ನೆರೆಮನೆಯೇ ಸರಿ. ಆದರೆ 2024ರ ಜನವರಿಯವರೆಗೆ ಆ ದ್ವೀಪಗಳಿಂದ ಹೊರಟ ಮಾತಾಗಲಿ, ಕಾಗದವಾಗಲಿ, ಪರೀಕ್ಷೆಯ ಅರ್ಜಿಯಾಗಲಿ ಕೊಚ್ಚಿಯನ್ನು ಮುಟ್ಟಬೇಕಾದರೆ ಮೊದಲು ಆಕಾಶಕ್ಕೆ 36 ಸಾವಿರ ಕಿಲೋಮೀಟರು ಏರಿ, ಅಷ್ಟನ್ನೇ ಮತ್ತೆ ಇಳಿಯಬೇಕಾಗಿತ್ತು. ಉಪಗ್ರಹದ ಹೊರತು ಅವರಿಗೆ ಬೇರೆ ದಾರಿಯಿರಲಿಲ್ಲ. ನಡುಗಡಲಿನ ಹಡಗುಗಳಿಗೆ, ದೂರದ ಗಡಿ ಠಾಣೆಗಳಿಗೆ, ತಂತಿ ಹೋಗದ ಗುಡ್ಡಗಾಡಿನ ಊರುಗಳಿಗೆ ಇಂದಿಗೂ ಅದೇ ದಾರಿ.

ಉಪಗ್ರಹವನ್ನು ಹಾರಿಸಿದ ಸುದ್ದಿ ಪತ್ರಿಕೆಗಳಲ್ಲಿ ದಪ್ಪ ಅಕ್ಷರಗಳಲ್ಲಿ ಬರುತ್ತದೆ. ಹಾರಿದ ಮೇಲೆ ಅದರ ಮೂಲಕ ಸಂದೇಶಗಳು ಹೇಗೆ ಹೋಗಿಬರುತ್ತವೆ, ಒಳ್ಳೆಯ ಉಪಗ್ರಹವಿದ್ದರೂ ಕೆಲವೊಮ್ಮೆ ಅವು ಏಕೆ ಕುಂಟುತ್ತವೆ ಎಂಬುದನ್ನು ವಿಚಾರಿಸುವವರು ಕಡಿಮೆ. ದೋಷ ಯಾವಾಗಲೂ ಯಂತ್ರದಲ್ಲಿರುವುದಿಲ್ಲ. ಸಂದೇಶವನ್ನು ಕಳುಹಿಸುವ ಮತ್ತು ಸ್ವೀಕರಿಸುವ ಎರಡು ಗಣಕಗಳ ನಡುವಿನ ಕಟ್ಟಳೆಯಲ್ಲಿ ಇರುವುದುಂಟು. ಈ ಕಟ್ಟಳೆಗೇ ತಂತ್ರಜ್ಞರು ಪ್ರೋಟೋಕಾಲ್ ಎನ್ನುತ್ತಾರೆ. ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ದೂರದ ಲೆಕ್ಕ

ಭೂಮಿಯು ಒಂದು ಸುತ್ತು ತಿರುಗುವಷ್ಟೇ ಕಾಲದಲ್ಲಿ ತಾನೂ ಒಂದು ಸುತ್ತು ಮುಗಿಸಿ, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ ತೋರುವ ಉಪಗ್ರಹಕ್ಕೆ ಭೂಸ್ಥಿರ ಉಪಗ್ರಹವೆಂದು ಹೆಸರು. ನಮ್ಮ ಇನ್ಸಾಟ್ ಮತ್ತು ಜಿಸ್ಯಾಟ್ ಮಾಲೆಯ ಸಂಪರ್ಕ ಉಪಗ್ರಹಗಳು ಈ ಜಾತಿಯವು. ಇವುಗಳನ್ನು ಕಾಯ್ದು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರ ಕರ್ನಾಟಕದ ಹಾಸನದಲ್ಲಿದೆ. ಸಮಭಾಜಕ ವೃತ್ತದ ಮೇಲೆ ಇವುಗಳ ಎತ್ತರ 35,786 ಕಿಲೋಮೀಟರು.

ರೇಡಿಯೋ ಅಲೆಯ ವೇಗ ಬೆಳಕಿನ ವೇಗವೇ, ಎಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಸಂದೇಶವೊಂದು ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡಿನಷ್ಟು ಬೇಕು. ಅದಕ್ಕೆ ಉತ್ತರ ಬರಬೇಕಾದರೆ ಇನ್ನೊಂದು ಕಾಲು ಸೆಕೆಂಡು. ನಡುವಿನ ಯಂತ್ರಗಳ ಕೆಲಸವನ್ನೂ ಸೇರಿಸಿದರೆ ಒಂದು ಪ್ರಶ್ನೆ ಮತ್ತು ಅದರ ಉತ್ತರಕ್ಕೆ ಸುಮಾರು 0.6 ಸೆಕೆಂಡು ಎಂದಿಟ್ಟುಕೊಳ್ಳಬಹುದು. ಅದೇ ಮಾತು ನೆಲದ ಗಾಜಿನ ತಂತಿಯಲ್ಲಿ ನೆರೆಯ ನಗರಕ್ಕೆ ಹೋಗಿ ಬರಲು ಸೆಕೆಂಡಿನ ಐವತ್ತನೆಯ ಒಂದು ಪಾಲು ಸಾಕು. ಮನುಷ್ಯನಿಗೆ ಅರ್ಧ ಸೆಕೆಂಡು ಲೆಕ್ಕಕ್ಕೆ ಬಾರದ ಹೊತ್ತು. ಗಣಕಗಳ ಸಂಭಾಷಣೆಯಲ್ಲಿ ಅದು ದೊಡ್ಡ ಹೊತ್ತು. ಈ ದೂರವನ್ನು ಯಾವ ಎಂಜಿನಿಯರನೂ ಕಡಿಮೆ ಮಾಡಲಾರ. ಅವನು ತಿದ್ದಬಹುದಾದುದು ಕಟ್ಟಳೆಯನ್ನು ಮಾತ್ರ.

ರಿಜಿಸ್ಟರ್ಡ್ ಟಪಾಲಿನ ರೀತಿ

ಇಂಟರ್ನೆಟ್ಟಿನ ಮುಖ್ಯ ಕಟ್ಟಳೆಯಾದ ಟಿ.ಸಿ.ಪಿ.ಯನ್ನು ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಅಮೆರಿಕದ ವಿಜ್ಞಾನಿಗಳು 1974ರಲ್ಲಿ ಪ್ರಕಟಪಡಿಸಿದರು. ರಿಜಿಸ್ಟರ್ಡ್ ಟಪಾಲಿನೊಡನೆ ಸ್ವೀಕೃತಿ ಕಾರ್ಡು ಇಟ್ಟು ಕಳುಹಿಸುತ್ತಿದ್ದುದನ್ನು ಕಂಡವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ದೊಡ್ಡ ಸಂದೇಶವನ್ನು ಸುಮಾರು 1,500 ಬೈಟುಗಳ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಕಟ್ಟಲಾಗುತ್ತದೆ. ಪ್ರತಿಯೊಂದರ ಮೇಲೂ ಕ್ರಮಸಂಖ್ಯೆ ಇರುತ್ತದೆ. ಮುಟ್ಟಿತೆಂದು ಎದುರು ಕಡೆಯವರು ಸ್ವೀಕೃತಿ ಕಳುಹಿಸಬೇಕು. ಸ್ವೀಕೃತಿ ಬಾರದಿದ್ದರೆ ಆ ಪೊಟ್ಟಣ ದಾರಿಯಲ್ಲಿ ಕಳೆದುಹೋಯಿತೆಂದು ತಿಳಿದು ಮತ್ತೊಮ್ಮೆ ಕಳುಹಿಸಬೇಕು.

ಉಪಗ್ರಹವು ಈ ಕಟ್ಟಳೆಗೆ ಹೊಸತೇನೂ ಅಲ್ಲ. 1977ರ ನವೆಂಬರ್ 22ರಂದು ನಡೆದ ಪ್ರಸಿದ್ಧ ಪ್ರಯೋಗದಲ್ಲಿ ಕ್ಯಾಲಿಫೋರ್ನಿಯದ ರಸ್ತೆಯಲ್ಲಿ ಓಡುತ್ತಿದ್ದ ವ್ಯಾನಿನಿಂದ ರೇಡಿಯೋ ಮೂಲಕ ಹೊರಟ ಪೊಟ್ಟಣಗಳು ನೆಲದ ಜಾಲವನ್ನು ಸೇರಿ, ಉಪಗ್ರಹದ ಮೂಲಕ ಅಟ್ಲಾಂಟಿಕ್ ಸಾಗರವನ್ನು ದಾಟಿ ಯುರೋಪಿಗೆ ಹೋಗಿ, ಮರಳಿ ಕ್ಯಾಲಿಫೋರ್ನಿಯವನ್ನೇ ಮುಟ್ಟಿದವು. ಮೂರು ಬಗೆಯ ಜಾಲಗಳು ಒಂದೇ ಕಟ್ಟಳೆಯಲ್ಲಿ ಕೂಡಿಕೊಂಡವು. ಹಾಗಿದ್ದರೂ ಮುಂದೆ ಈ ಕಟ್ಟಳೆ ಬೆಳೆದುದು ಬಹುಮಟ್ಟಿಗೆ ನೆಲದ ತಂತಿಯ ಅನುಭವದಲ್ಲಿ. ಉದ್ದದ ದಾರಿಯವರ ಕಷ್ಟ ಪ್ರಾರಂಭವಾದುದು ಅಲ್ಲಿಂದ.

ಚಿಕ್ಕ ಕಿಟಕಿಯ ತೊಡಕು

ಒಂದೊಂದು ಪೊಟ್ಟಣಕ್ಕೂ ಸ್ವೀಕೃತಿ ಬರುವವರೆಗೆ ಸುಮ್ಮನೆ ಕುಳಿತರೆ ಕೆಲಸ ಸಾಗದು. ಆದುದರಿಂದ ಸ್ವೀಕೃತಿಗೆ ಕಾಯದೆ ಇಷ್ಟು ಬೈಟುಗಳವರೆಗೆ ಕಳುಹಿಸಬಹುದು ಎಂಬ ಮಿತಿಯಿದೆ. ಇದಕ್ಕೆ ಕಿಟಕಿ ಎಂದು ಹೆಸರು. ಮೂಲ ಟಿ.ಸಿ.ಪಿ.ಯಲ್ಲಿ ಈ ಕಿಟಕಿಯ ಅಳತೆಯನ್ನು ಬರೆಯಲು 16 ಬಿಟ್‌ಗಳ ಜಾಗವಷ್ಟೇ ಇತ್ತು. ಆದುದರಿಂದ ಅದು 65,535 ಬೈಟುಗಳನ್ನು ಮೀರುವಂತಿರಲಿಲ್ಲ.

ಇದರ ಪರಿಣಾಮವನ್ನು ಓದುಗರು ತಾವೇ ಲೆಕ್ಕ ಹಾಕಿ ನೋಡಬಹುದು. 65,535 ಬೈಟು ಎಂದರೆ 5,24,280 ಬಿಟ್. ಇಷ್ಟನ್ನು ಕಳುಹಿಸಿ ಸ್ವೀಕೃತಿಗಾಗಿ 0.6 ಸೆಕೆಂಡು ಕಾಯಬೇಕು. ಸೆಕೆಂಡಿಗೆ ಸುಮಾರು 8.7 ಲಕ್ಷ ಬಿಟ್ ಹೋದಂತಾಯಿತು. ಉಪಗ್ರಹದ ದಾರಿಯು ಸೆಕೆಂಡಿಗೆ 1 ಕೋಟಿ ಬಿಟ್ ಸಾಗಿಸುವಷ್ಟು ಅಗಲವಾಗಿದ್ದರೂ ಒಂದು ಸಂಪರ್ಕಕ್ಕೆ ಅದರ ಹತ್ತರಲ್ಲಿ ಒಂದು ಪಾಲೂ ಸಿಗುವುದಿಲ್ಲ. ಅಗಲದ ರಸ್ತೆ ಹಾಕಿಸಿ, ಅದರ ಮೇಲೆ ಒಂದೇ ಗಾಡಿ ಹೋಗಿ ಬರಲಿ, ಬಂದ ಮೇಲೆ ಇನ್ನೊಂದು ಹೊರಡಲಿ ಎಂದಂತೆ. ರಸ್ತೆಗೆ ಹಣ ತೆತ್ತವನಿಗೆ ನಷ್ಟವಾಗುತ್ತದೆ, ರಸ್ತೆ ಬರಿದೇ ಬಿದ್ದಿರುತ್ತದೆ.

1992ರಲ್ಲಿ ಇದಕ್ಕೆ ಪರಿಹಾರ ದೊರೆಯಿತು. ಕಿಟಕಿಯ ಅಂಕಿಯನ್ನು ಎಷ್ಟು ಪಟ್ಟು ಹೆಚ್ಚಿಸಿ ಓದಬೇಕೆಂದು ಎರಡೂ ಗಣಕಗಳು ಸಂಪರ್ಕದ ಪ್ರಾರಂಭದಲ್ಲೇ ಒಪ್ಪಂದ ಮಾಡಿಕೊಳ್ಳುವ ವಿಧಾನವದು. ಇದರಿಂದ ಕಿಟಕಿಯನ್ನು ಸುಮಾರು 100 ಕೋಟಿ ಬೈಟಿನವರೆಗೆ ಅಗಲಿಸಬಹುದು. ಮೇಲಿನ ಉದಾಹರಣೆಗೆ ಏಳೂವರೆ ಲಕ್ಷ ಬೈಟಿನ ಕಿಟಕಿಯೇ ಸಾಕು.

ಮಳೆಯೋ, ನೂಕುನುಗ್ಗಲೋ?

1986ರ ಅಕ್ಟೋಬರದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಒಂದು ವಿಚಿತ್ರ ನಡೆಯಿತು. ಅಲ್ಲಿಯ ಪ್ರಯೋಗಾಲಯಕ್ಕೂ ವಿಶ್ವವಿದ್ಯಾಲಯಕ್ಕೂ ಇದ್ದ ಅಂತರ 400 ಗಜ. ಅವುಗಳ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದುದು ಒಮ್ಮೆಲೆ 40 ಬಿಟ್‌ಗೆ ಇಳಿಯಿತು. ಎಲ್ಲರೂ ಒಟ್ಟಿಗೆ ನುಗ್ಗಿ, ಕಳೆದುಹೋದುದನ್ನು ಮತ್ತೆ ಮತ್ತೆ ಕಳುಹಿಸಿ, ಜಾಲವೇ ಕಟ್ಟಿಹೋಗಿತ್ತು. ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ ಇದನ್ನು ಪರಿಶೀಲಿಸಿ 1988ರಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿದರು. ಮೊದಲು ಸ್ವಲ್ಪ ಕಳುಹಿಸು, ಸ್ವೀಕೃತಿ ಬಂದಂತೆ ಇಮ್ಮಡಿಸುತ್ತ ಹೋಗು, ಪೊಟ್ಟಣ ಕಳೆದುಹೋದರೆ ದಾರಿಯಲ್ಲಿ ನೂಕುನುಗ್ಗಲಿದೆ ಎಂದು ತಿಳಿದು ವೇಗವನ್ನು ಇಳಿಸು, ಆಮೇಲೆ ಒಂದೊಂದಾಗಿ ಏರಿಸು. ಇದು ಅವರ ನಿಯಮಗಳ ತಿರುಳು. ಇಂಟರ್ನೆಟ್ಟನ್ನು ಉಳಿಸಿದ ನಿಯಮಗಳು ಇವೇ ಎಂದರೆ ಅತಿಶಯೋಕ್ತಿಯಾಗದು.

ಆದರೆ ಉಪಗ್ರಹದ ದಾರಿಯಲ್ಲಿ ಪೊಟ್ಟಣ ಕಳೆದುಹೋಗಲು ಬೇರೆ ಕಾರಣಗಳೂ ಇವೆ. ನಮ್ಮ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆಟಿ ತಿಂಗಳ ಜಡಿಮಳೆ ಹಿಡಿದೊಡನೆ ಮಾಡಿನ ಮೇಲಿನ ತಟ್ಟೆಯ ಟೆಲಿವಿಷನ್ ಚಿತ್ರ ಚೂರು ಚೂರಾಗಿ ನಿಂತುಹೋಗುವುದನ್ನು ಎಲ್ಲರೂ ಕಂಡವರೇ. ಮಳೆಹನಿಗಳು ರೇಡಿಯೋ ಅಲೆಯನ್ನು ಹೀರಿ ಚದರಿಸುತ್ತವೆ. ಅಲೆ ಎಷ್ಟು ಕಿರಿದೋ ಅಷ್ಟು ಹೆಚ್ಚು ಹಾನಿ. ಹಳೆಯ ಸಿ ಪಟ್ಟಿಯ ಅಲೆಗಳಿಗಿಂತ ಕೆ.ಯು. ಪಟ್ಟಿಯವು, ಅದಕ್ಕಿಂತಲೂ ಕೆ.ಎ. ಪಟ್ಟಿಯವು ಮಳೆಗೆ ಹೆಚ್ಚು ಅಂಜುತ್ತವೆ.

ಮಳೆಯಿಂದ ಪೊಟ್ಟಣವೊಂದು ನಷ್ಟವಾದರೆ ಹಳೆಯ ಟಿ.ಸಿ.ಪಿ. ಅದನ್ನು ನೂಕುನುಗ್ಗಲೆಂದು ತಪ್ಪಾಗಿ ತಿಳಿದು ವೇಗವನ್ನು ಅರ್ಧಕ್ಕಿಳಿಸುತ್ತದೆ. ಮತ್ತೆ ಮೇಲೇರುವುದು ಪ್ರತಿ ಸ್ವೀಕೃತಿಯ ಸುತ್ತಿಗೆ ಒಂದು ಪೊಟ್ಟಣದಂತೆ. ನಮ್ಮ 1 ಕೋಟಿ ಬಿಟ್‌ನ ದಾರಿ ತುಂಬಲು 500 ಪೊಟ್ಟಣಗಳು ಬೇಕು. 250ರಿಂದ 500ಕ್ಕೆ ಏರಲು 250 ಸುತ್ತು. ಸುತ್ತಿಗೆ 0.6 ಸೆಕೆಂಡಿನಂತೆ 150 ಸೆಕೆಂಡು, ಎಂದರೆ ಎರಡೂವರೆ ನಿಮಿಷ! ಅದೇ ಅಗಲದ ನೆಲದ ತಂತಿಯಲ್ಲಾದರೆ ಕಾಲು ಸೆಕೆಂಡಿನೊಳಗೆ ಚೇತರಿಕೆ. ತಪ್ಪು ಒಂದೇ, ದಂಡ ಮಾತ್ರ ದೂರದವನಿಗೆ ನೂರಾರು ಪಟ್ಟು ಹೆಚ್ಚು.

ಪರಿಹಾರದ ನಾಲ್ಕು ದಾರಿಗಳು

ಮೊದಲನೆಯದು, ನಷ್ಟವನ್ನೇ ತಡೆಯುವುದು. ತರಗತಿಯಲ್ಲಿ ನಾವು ಮಕ್ಕಳಿಗೆ ಹೇಳುವ ಉದಾಹರಣೆ ಇದು. 7, 4, 9 ಎಂಬ ಮೂರು ಅಂಕೆಗಳನ್ನು ಕಳುಹಿಸುವಾಗ ಅವುಗಳ ಮೊತ್ತ 20ನ್ನೂ ಜೊತೆಗೆ ಕಳುಹಿಸಿ. ನಡುವಿನ 4 ಕಳೆದುಹೋದರೂ ಇಪ್ಪತ್ತರಿಂದ ಏಳನ್ನೂ ಒಂಬತ್ತನ್ನೂ ಕಳೆದು ಅದನ್ನು ಮರಳಿ ಪಡೆಯಬಹುದು. ಮತ್ತೆ ಕೇಳಿ ತರಿಸುವ ಕೆಲಸವಿಲ್ಲ. ಇದರ ಸುಧಾರಿತ ಗಣಿತವೇ ಉಪಗ್ರಹ ಸಂಪರ್ಕದ ದೋಷ ತಿದ್ದುವ ಸಂಕೇತಗಳು. ಮಳೆ ಬಂದಾಗ ಈ ಹೆಚ್ಚುವರಿ ಅಂಕೆಗಳನ್ನು ಜಾಸ್ತಿ ಮಾಡಿ, ಬಿಸಿಲು ಬಂದಾಗ ಕಡಿಮೆ ಮಾಡುವ ಯಂತ್ರಗಳೂ ಬಳಕೆಯಲ್ಲಿವೆ.

ಎರಡನೆಯದು, ಸ್ವೀಕೃತಿಯನ್ನು ವಿವರವಾಗಿ ಬರೆಯುವುದು. ಹಿಂದೆ ಹತ್ತು ಪೊಟ್ಟಣಗಳಲ್ಲಿ ಮೂರನೆಯದು ತಪ್ಪಿದರೆ ಎರಡರವರೆಗೆ ಬಂತೆಂದಷ್ಟೇ ಉತ್ತರ ಹೋಗುತ್ತಿತ್ತು. 1996ರ ನಿಯಮದಂತೆ ಮೂರನೆಯದು ಮಾತ್ರ ಬಂದಿಲ್ಲ, ಉಳಿದವು ಬಂದಿವೆ ಎಂದು ತಿಳಿಸಬಹುದಾಯಿತು. ಇವನ್ನೆಲ್ಲ ಒಟ್ಟುಗೂಡಿಸಿ ಉಪಗ್ರಹದ ದಾರಿಗೆ ಟಿ.ಸಿ.ಪಿ.ಯನ್ನು ಹೇಗೆ ಹೊಂದಿಸಬೇಕೆಂಬ ಸಲಹೆಗಳು 1999ರಲ್ಲಿ ಪ್ರಕಟವಾದವು.

ಮೂರನೆಯದು, ನಡುವೆ ಒಬ್ಬ ಮಧ್ಯಸ್ಥನನ್ನು ನೇಮಿಸುವುದು. ಹಳ್ಳಿಯ ಒಳಗಿನ ಮನೆಗಳ ಕಾಗದಗಳನ್ನು ಬಸ್ಸು ನಿಲ್ಲುವಲ್ಲಿಯ ಅಂಗಡಿಯವನು ತೆಗೆದಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿತ್ತು. ಹಾಗೆಯೇ ಉಪಗ್ರಹ ಕೇಂದ್ರದಲ್ಲಿ ಕುಳಿತ ಯಂತ್ರವೊಂದು ದೂರದವನ ಪರವಾಗಿ ತಾನೇ ಸ್ವೀಕೃತಿ ಕೊಟ್ಟುಬಿಡುತ್ತದೆ. ಕಳುಹಿಸುವವನು ಕಾಯುವುದಿಲ್ಲ. ಆಕಾಶದ ದಾರಿಯನ್ನು ಮಾತ್ರ ಆ ಯಂತ್ರಗಳು ತಮ್ಮದೇ ಕಟ್ಟಳೆಯಲ್ಲಿ ದಾಟಿಸುತ್ತವೆ. ಇದು ಬಹಳ ಪ್ರಯೋಜನಕಾರಿ. ಆದರೆ ಮಧ್ಯಸ್ಥನು ಕೈಕೊಟ್ಟರೆ, ಮುಟ್ಟದ ಕಾಗದಕ್ಕೆ ಮುಟ್ಟಿತೆಂಬ ಸಹಿ ಬಿದ್ದಂತಾಗುತ್ತದೆ. ಮತ್ತೊಂದು ತೊಡಕೂ ಉಂಟು. ಪೊಟ್ಟಣದೊಳಗಿನ ಮಾತನ್ನು ಮಾತ್ರ ಗುಪ್ತಲಿಪಿಯಲ್ಲಿ ಮುಚ್ಚಿದರೆ ಅವನ ಕೆಲಸಕ್ಕೆ ಅಡ್ಡಿಯಿಲ್ಲ. ಹೊರಗಿನ ಕ್ರಮಸಂಖ್ಯೆಯನ್ನೂ ಮುಚ್ಚಿದರೆ ಅವನು ಕೈಕಟ್ಟಿ ಕೂಡಬೇಕಾಗುತ್ತದೆ. 2021ರಲ್ಲಿ ಅಂಗೀಕೃತವಾದ ಕ್ವಿಕ್ ಎಂಬ ಹೊಸ ಕಟ್ಟಳೆ ಹೀಗೆ ಎಲ್ಲವನ್ನೂ ಮುಚ್ಚುತ್ತದೆ. ಗುಟ್ಟು ಕಾಯುವ ವಿಷಯದಲ್ಲಿ ಅದು ಮೇಲು, ಮಧ್ಯಸ್ಥನ ವಿಷಯದಲ್ಲಿ ತೊಡಕು.

ಆದರೂ ಕ್ವಿಕ್‌ನಿಂದ ಉಪಗ್ರಹದವರಿಗೆ ಒಂದು ದೊಡ್ಡ ಲಾಭವಿದೆ. ಹಿಂದಿನ ರೀತಿಯಲ್ಲಿ ಮೊದಲು ನಮಸ್ಕಾರ, ಆಮೇಲೆ ಗುಪ್ತಲಿಪಿಯ ಕೀಲಿಕೈ ವಿನಿಮಯಕ್ಕೆ ಎರಡು ಸುತ್ತು, ಅನಂತರ ಕೇಳಿದ ವಿಷಯ, ಹೀಗೆ ನಾಲ್ಕು ಸುತ್ತುಗಳಾಗುತ್ತಿದ್ದವು. ಮೊದಲಕ್ಷರ ಕಾಣಲು 2.4 ಸೆಕೆಂಡು. ಕ್ವಿಕ್‌ನಲ್ಲಿ ನಮಸ್ಕಾರವೂ ಕೀಲಿಕೈಯೂ ಒಂದೇ ಸುತ್ತಿನಲ್ಲಿ ಮುಗಿಯುವುದರಿಂದ 1.2 ಸೆಕೆಂಡು ಸಾಕು.

ನಾಲ್ಕನೆಯದು, ನಷ್ಟವನ್ನು ಅರ್ಥಮಾಡಿಕೊಳ್ಳುವ ಬುದ್ಧಿಯನ್ನೇ ತಿದ್ದುವುದು. 2004ರಲ್ಲಿ ಇಟಲಿಯ ಇಬ್ಬರು ಸಂಶೋಧಕರು ಸೂಚಿಸಿದ ಹೈಬ್ಲಾ ಎಂಬ ವಿಧಾನವು ದೂರದ ದಾರಿಯವನೂ ಹತ್ತಿರದವನಷ್ಟೇ ಬೇಗನೆ ವೇಗ ಏರಿಸಿಕೊಳ್ಳಲು ಅವಕಾಶ ಕೊಟ್ಟಿತು. 2016ರಲ್ಲಿ ಗೂಗಲ್ ಸಂಸ್ಥೆಯವರು ಪ್ರಕಟಿಸಿದ ಬಿ.ಬಿ.ಆರ್. ವಿಧಾನವು ಒಂದು ಪೊಟ್ಟಣ ಕಳೆದೊಡನೆ ಗಾಬರಿಯಾಗುವುದಿಲ್ಲ. ದಾರಿಯ ಅಗಲವೆಷ್ಟು, ಉದ್ದವೆಷ್ಟು ಎಂದು ತಾನೇ ಅಳೆದುಕೊಂಡು ಅದಕ್ಕೆ ತಕ್ಕಂತೆ ಕಳುಹಿಸುತ್ತದೆ.

ಅಕ್ಷರಗಳ ತೂಕ

ಇಲ್ಲಿ ಭಾಷೆಯ ಮಾತೂ ಬರುತ್ತದೆ. ಇಂದು ಬಳಕೆಯಲ್ಲಿರುವ ಯು.ಟಿ.ಎಫ್.-8 ಎಂಬ ಸಂಕೇತಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು. ಕನ್ನಡದ ಪ್ರತಿಯೊಂದು ಚಿಹ್ನೆಗೆ, ಎಂದರೆ ಅಕ್ಷರಕ್ಕೂ ಗುಣಿತಕ್ಕೂ ಒತ್ತು ಕೊಡುವ ವಿರಾಮಕ್ಕೂ, ತಲಾ ಮೂರು ಬೈಟು. ‘ಕನ್ನಡ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಗಣಕಕ್ಕೆ ಅದು ಐದು ಚಿಹ್ನೆ, ಹದಿನೈದು ಬೈಟು. ಮಲಯಾಳಕ್ಕೂ ಇದೇ ತೂಕ, ಹಿಂದಿಗೂ ಇದೇ.

ಇದರಿಂದ ಎದೆಗುಂದಬೇಕಾಗಿಲ್ಲ. ಎರಡು ಸಾವಿರ ಚಿಹ್ನೆಗಳ ಒಂದು ಕನ್ನಡ ಸುತ್ತೋಲೆ 6,000 ಬೈಟು, ಎಂದರೆ ಐದು ಪೊಟ್ಟಣ. 2013ರಿಂದ ಸಂಪರ್ಕದ ಮೊದಲ ಸುತ್ತಿನಲ್ಲೇ ಹತ್ತು ಪೊಟ್ಟಣಗಳನ್ನು ಕಳುಹಿಸಬಹುದೆಂಬ ಸೂಚನೆ ಇರುವುದರಿಂದ ಅದು ಒಂದೇ ಸುತ್ತಿನಲ್ಲಿ ಮುಟ್ಟುತ್ತದೆ. ಬರಹವನ್ನು ಅಡಕಗೊಳಿಸಿ ಕಳುಹಿಸಿದರೆ ಇನ್ನೂ ಹಗುರ. ಆದರೆ ಅದೇ ಸುತ್ತೋಲೆಯನ್ನು ಬೆರಳಚ್ಚು ಮಾಡದೆ, ಕಾಗದದ ಚಿತ್ರ ತೆಗೆದು 20 ಲಕ್ಷ ಬೈಟಿನ ಕಡತವಾಗಿ ಕಳುಹಿಸಿದರೆ ಸಾವಿರದ ಮುನ್ನೂರಕ್ಕೂ ಹೆಚ್ಚು ಪೊಟ್ಟಣಗಳಾಗುತ್ತವೆ. ಹತ್ತು, ಇಪ್ಪತ್ತು, ನಲ್ವತ್ತು ಎಂದು ಇಮ್ಮಡಿಸುತ್ತ ಹೋದರೂ ಎಂಟು ಸುತ್ತು ಬೇಕು. ಒಂದು ಪೊಟ್ಟಣ ಮಳೆಗೆ ಸಿಕ್ಕಿದರೆ ಮತ್ತೂ ವಿಳಂಬ. ದಾರಿ ಉದ್ದವಿರುವಲ್ಲಿ ಹೊರೆ ಹಗುರವಿರಬೇಕು. ಇದು ತಲೆಹೊರೆಯ ಕಾಲದಿಂದ ನಮ್ಮ ಹಿರಿಯರಿಗೆ ತಿಳಿದ ವಿಚಾರ. ಕನ್ನಡದಲ್ಲಿ ಏನನ್ನಾದರೂ ಪ್ರಕಟಿಸುವ ಕಚೇರಿಗಳೂ ಸಂಘಸಂಸ್ಥೆಗಳೂ ಚಿತ್ರದ ಬದಲು ಬರಹವನ್ನೇ ಕಳುಹಿಸಿದರೆ ಓದುವವರಿಗೆ ಉಪಕಾರವಾದೀತು.

ಕಡವಿನಲ್ಲಿ ಕಾಯುವ ಟಪಾಲು

ಭೂಸ್ಥಿರ ಉಪಗ್ರಹಕ್ಕಿಂತ ಎಷ್ಟೋ ದೂರದ ಸಂಗತಿಯೂ ಇದೆ. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನವು ಮಂಗಳನ ಕಕ್ಷೆಯನ್ನು ಸೇರಿದಾಗ ಅದರ ಸಂಕೇತ ಭೂಮಿಯನ್ನು ಮುಟ್ಟಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ 32 ಮೀಟರು ಅಗಲದ ತಟ್ಟೆ ಇಂತಹ ದೂರದ ಸಂಕೇತಗಳನ್ನು ಹಿಡಿಯಲೆಂದೇ ಕಟ್ಟಿದ್ದು. ಉತ್ತರ ಬರಲು 25 ನಿಮಿಷ ಬೇಕಾದಲ್ಲಿ ಟಿ.ಸಿ.ಪಿ.ಯ ನಮಸ್ಕಾರವೇ ಮುಗಿಯುವಂತಿಲ್ಲ. ನಡುವೆ ಗ್ರಹ ಅಡ್ಡ ಬಂದರೆ ಗಂಟೆಗಟ್ಟಲೆ ಸಂಪರ್ಕವೇ ಇರುವುದಿಲ್ಲ.

ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆ ತುಂಬಿ ಹರಿದಾಗ ಟಪಾಲಿನವನು ಚೀಲವನ್ನು ಹೊತ್ತು ಮೊದಲಿನ ಕಚೇರಿಗೆ ಮರಳುತ್ತಿರಲಿಲ್ಲ. ಕಡವಿನ ಬಳಿ ಜೋಪಾನವಾಗಿ ಇರಿಸಿಕೊಂಡು, ದೋಣಿ ಬಿಟ್ಟಾಗ ದಾಟುತ್ತಿದ್ದನು. ವಿಳಂಬವನ್ನು ಸಹಿಸುವ ಜಾಲವೆಂಬ ಹೊಸ ಪದ್ಧತಿಯ ತತ್ವ ಇದುವೇ. ಪ್ರತಿಯೊಂದು ತಂಗುದಾಣವೂ ಸಂದೇಶದ ಗಂಟನ್ನು ತನ್ನಲ್ಲಿ ಇರಿಸಿಕೊಂಡು ದಾರಿ ತೆರೆದಾಗ ಮುಂದಕ್ಕೆ ಸಾಗಿಸುತ್ತದೆ. ಅಮೆರಿಕದ ನಾಸಾ ಸಂಸ್ಥೆ 2008ರಲ್ಲಿ ಡೀಪ್ ಇಂಪ್ಯಾಕ್ಟ್ ನೌಕೆಯೊಡನೆ ಇದನ್ನು ಪರೀಕ್ಷಿಸಿ ಯಶಸ್ಸು ಕಂಡಿತು.

ಕೆಳಗಿನ ಉಪಗ್ರಹಗಳು, ಸಮುದ್ರದ ತಂತಿ

ಸುಮಾರು 550 ಕಿಲೋಮೀಟರು ಎತ್ತರದಲ್ಲಿ ಸಾವಿರಾರು ಉಪಗ್ರಹಗಳನ್ನು ಹರಡುವ ಸ್ಟಾರ್‌ಲಿಂಕಿನ ಕೆಲಸ 2019ರಲ್ಲಿ ಪ್ರಾರಂಭವಾಯಿತು. ದೂರ ಕಡಿಮೆಯಾದುದರಿಂದ ವಿಳಂಬವೂ ಸೆಕೆಂಡಿನ ಕೆಲವು ನೂರನೆಯ ಪಾಲುಗಳಿಗೆ ಇಳಿಯಿತು. ಆದರೆ ಈ ಉಪಗ್ರಹಗಳು ಒಂದೇ ಕಡೆ ನಿಲ್ಲುವುದಿಲ್ಲ. ಒಂದೂವರೆ ಗಂಟೆಗೆ ಭೂಮಿಯನ್ನೇ ಸುತ್ತುತ್ತವೆ, ಕೆಲವೇ ನಿಮಿಷಗಳಲ್ಲಿ ನಮ್ಮ ಆಕಾಶವನ್ನು ದಾಟಿಹೋಗುತ್ತವೆ. ಸಂಭಾಷಣೆಯ ನಡುವೆಯೇ ಒಂದರಿಂದ ಇನ್ನೊಂದಕ್ಕೆ ಕೈ ಬದಲಾಗಬೇಕು. ದಾರಿಯ ಉದ್ದವೂ ಅಗಲವೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಹಳೆಯ ಸಮಸ್ಯೆ ಸಣ್ಣದಾಯಿತು, ಹೊಸದು ಹುಟ್ಟಿತು. ಕಟ್ಟಳೆಯನ್ನು ತಿದ್ದುವವರಿಗೆ ಬಿಡುವಿಲ್ಲ.

ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಸಮುದ್ರದಡಿಯ ಗಾಜಿನ ತಂತಿ 2024ರ ಜನವರಿ 3ರಂದು ಉದ್ಘಾಟನೆಗೊಂಡಿತು. ಅಲ್ಲಿಯವರ ಬಹುಕಾಲದ ಕಷ್ಟ ಅಷ್ಟರಮಟ್ಟಿಗೆ ನೀಗಿದುದು ಸಂತೋಷದ ವಿಷಯ. ಆದರೆ ತಂತಿ ಬಂತೆಂದು ಉಪಗ್ರಹವನ್ನು ಮರೆಯುವಂತಿಲ್ಲ. 2022ರ ಜನವರಿ 15ರಂದು ಶಾಂತಸಾಗರದ ಟೊಂಗಾ ದ್ವೀಪದ ಬಳಿ ಜ್ವಾಲಾಮುಖಿ ಸಿಡಿದು ಸಮುದ್ರದ ತಂತಿ ತುಂಡಾದಾಗ, ಅದನ್ನು ದುರಸ್ತಿ ಮಾಡಲು ಸುಮಾರು ಐದು ವಾರಗಳು ಹಿಡಿದವು. ಅಷ್ಟು ದಿನ ಆ ದೇಶದವರು ಹೊರಗಿನ ಬಂಧುಗಳೊಡನೆ ಮಾತನಾಡಲು ಉಪಗ್ರಹವನ್ನೇ ನೆಚ್ಚಬೇಕಾಯಿತು. ಅಂತಹ ಹೊತ್ತಿನಲ್ಲಿ ಇಕ್ಕಟ್ಟಾದ ದಾರಿಯ ಒಂದೊಂದು ಬಿಟ್ಟೂ ಅಮೂಲ್ಯ. ಅದನ್ನು ಪೋಲು ಮಾಡದ ಕಟ್ಟಳೆ ಇದ್ದರೆ ಹತ್ತು ಜನ ಮಾತನಾಡುವಲ್ಲಿ ನೂರು ಜನ ಮಾತನಾಡಬಹುದು.

ಹತ್ತಿರದವರ ಅನುಕೂಲವನ್ನು ನೋಡಿ ಮಾಡಿದ ನಿಯಮ ದೂರದವರಿಗೆ ದಂಡವಾಗಬಹುದೆಂಬುದು ಉಪಗ್ರಹದ ಇತಿಹಾಸದಿಂದ ತಿಳಿಯುತ್ತದೆ. ಯಾರೂ ದ್ವೇಷದಿಂದ ಹಾಗೆ ಮಾಡಿದುದಲ್ಲ. ನಿಯಮ ಬರೆಯುವಾಗ ಉದ್ದದ ದಾರಿಯವನು ಎದುರಿಗಿರಲಿಲ್ಲ, ಅಷ್ಟೆ. ತೊಡಕನ್ನು ಅಳೆದು, ಲೆಕ್ಕವಿಟ್ಟು, ಮುಂದಿಟ್ಟವರು ಇದ್ದುದರಿಂದ ಅದು ಒಂದೊಂದಾಗಿ ತಿದ್ದಿಕೊಂಡು ಬಂತು. ನಮ್ಮ ಹೈಸ್ಕೂಲು ಮಕ್ಕಳು ಕಲಿಯುವ ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಿನ ಗಣಿತ ಮೇಲಿನ ಯಾವ ಲೆಕ್ಕಕ್ಕೂ ಬೇಕಾಗಲಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಮನೆಯ ಮಕ್ಕಳ ಕೈಯಲ್ಲಿ ಪೆನ್ಸಿಲು ಕಾಗದ ಕೊಟ್ಟು ಈ ಲೆಕ್ಕಗಳನ್ನು ಕನ್ನಡದಲ್ಲೇ ಮಾಡಿಸಿ ನೋಡಬೇಕೆಂದು ಹಿರಿಯರಲ್ಲಿ ನಮ್ಮ ವಿನಂತಿ.